ಜ್ವರ ಮೊದಲು ಬಂದಿತ್ತಾ?

ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಚನ್ನಗಿರಿ ತಾಲ್ಲೂಕು ಆಸ್ಪತ್ರೆಯ ಓಪಿಡಿ ಚೀಟಿಯ ಸಾಲು ಬಾಗಿಲು ದಾಟಿ ಹೊರಗೆ ಬಂದಿದೆ. ನೀವು ಗೋಡೆಗೆ ಒರಗಿ ನಿಂತಿದ್ದೀರಿ. ಸಂತೇಬೆನ್ನೂರಿನ ಬಸ್ಸಿಳಿದವರು, ಮಗು ಎತ್ತಿಕೊಂಡವರು, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡವರು, ಎಲ್ಲರೂ ಒಂದೇ ಸಾಲಿನಲ್ಲಿ. ಒಂದು ಕೋಣೆಯ ಮುಂದೆ ಮಾತ್ರ ಜನ ಯಾರ ಮುಖವನ್ನೂ ನೋಡದೆ ಕೂತಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡುವ ದಿನ ಇದು.

ಬೆಂಚಿನ ತುದಿಯಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಹುಡುಗಿಯ ಬಾಯಿ ಆಡುತ್ತಲೇ ಇದೆ. ತುಟಿ ಮುಂದಕ್ಕೆ ಚಾಚುತ್ತದೆ, ದವಡೆ ಪಕ್ಕಕ್ಕೆ ಸರಿಯುತ್ತದೆ, ನಾಲಿಗೆ ಕೆನ್ನೆಯನ್ನು ಒಳಗಿನಿಂದ ದೂಡುತ್ತದೆ. ಅಡಿಕೆ ಸೀಮೆಯಲ್ಲವೇ, ಏನೋ ಅಗಿಯುತ್ತಿದ್ದಾಳೆ ಎಂದು ನಿಮಗೂ ಅನಿಸುತ್ತದೆ. ತಾಯಿಗೂ ಮೊದಲು ಹಾಗೇ ಅನಿಸಿತ್ತು. "ಉಗುಳೇ" ಎಂದು ಗದರಿಸಿ, ಬೆರಳು ಹಾಕಿ ನೋಡಿದಳು. ಬಾಯಲ್ಲಿ ಏನೂ ಇರಲಿಲ್ಲ. ಅವಳ ತೋರುಬೆರಳಿನ ಗೆಣ್ಣಿನ ಮೇಲೆ ಮಗಳ ಹಲ್ಲಿನ ಗುರುತು ಇನ್ನೂ ಮಾಸಿಲ್ಲ.

ಈ ತಾಯಿ ಮಗಳು ಯಾವ ಊರಿನವರು ಎಂದು ಹುಡುಕಬೇಡಿ. ಇದು ಒಬ್ಬಳ ಕಥೆಯಲ್ಲ. ವೈದ್ಯರು ನೂರಾರು ರೋಗಿಗಳಲ್ಲಿ ಕಂಡು ಬರೆದಿಟ್ಟ ಕಾಯಿಲೆಯೊಂದರ ನಡೆಯನ್ನು ಒಬ್ಬ ಹುಡುಗಿಯ ಮೈಮೇಲೆ ಇಟ್ಟು ತೋರಿಸುತ್ತಿದ್ದೇನೆ. ದಾರಿ, ಆಸ್ಪತ್ರೆ, ಪರೀಕ್ಷೆ, ಔಷಧಿ ಎಲ್ಲವೂ ಇರುವಂಥವೇ.

ಹೆಸರು ಕೂಗುತ್ತಾರೆ. ಅವರ ಹಿಂದೆಯೇ ಒಳಗೆ ಬನ್ನಿ.

"ಯಾವಾಗಿಂದ ಹೀಗೆ, ಅಮ್ಮಾ?"

"ಗೌರಿ ಹಬ್ಬ ಆದ್ ಮ್ಯಾಲಿಂದ ಸರ್."

"ಅದಕ್ಕೂ ಮೊದಲು ಏನಾದ್ರೂ ಆಗಿತ್ತಾ? ಜ್ವರ ಬಂದಿತ್ತಾ?"

ತಾಯಿ ಸೆರಗಿನ ತುದಿ ಹಿಡಿದು ಯೋಚಿಸುತ್ತಾಳೆ. ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. "ಬಂದಿತ್ತು ಸರ್. ಹಬ್ಬದ ಹಿಂದಿನ ವಾರ. ಜ್ವರ, ತಲೆನೋವು. ಮೆಡಿಕಲ್ ಶಾಪಿಂದ ಗುಳಿಗೆ ತಂದು ಕೊಟ್ವಿ, ಬಿಟ್ಟು ಹೋತು. ಆಮ್ಯಾಲೆ ನಿದ್ದೆ ಬಿಟ್ಲು. ಟೀವಿಯೊಳಗಿನೋರು ನನ್ ಬಗ್ಗೇನೇ ಮಾತಾಡ್ತಾರೆ ಅಂತಿದ್ಲು. ಅವರಪ್ಪನ್ನ ಕಂಡ್ರೆ 'ಇವನು ನಮ್ಮಪ್ಪ ಅಲ್ಲ' ಅಂತ ಚೀರೋಳು. ಗಾಳಿ ಸೋಕೈತೆ ಅಂದ್ರು. ಮಾಲಯ ಅಮಾಸೆಗೆ ಗಾತ್ರಿಗೆ ಕರಕೊಂಡು ಹೋದ್ವಿ."

ಗಾತ್ರಿ ಎಂದರೆ ಉಕ್ಕಡಗಾತ್ರಿ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆ ಬಂದರೆ ಸುತ್ತಲಿನ ಜಿಲ್ಲೆಗಳಿಂದ ಸಾವಿರಾರು ಜನ ಅಲ್ಲಿ ಸೇರುತ್ತಾರೆ, ಮೈಮೇಲೆ ಗಾಳಿ ಬಂದಿದೆ ಎನ್ನುವವರನ್ನು ಕರೆದುಕೊಂಡು. ಹೋದದ್ದಕ್ಕೆ ವೈದ್ಯರು ಬೈಯುವುದಿಲ್ಲ. ಬೈಯಲೂಬಾರದು. ಮನೆಯಲ್ಲಿ ಯಾರಿಗೂ ತೋರಿಸಲಾಗದೆ ಬಚ್ಚಿಟ್ಟ ಮಗಳನ್ನು ನಾಲ್ಕು ಜನರ ನಡುವೆ ಕೈಹಿಡಿದು ನಡೆಸಿಕೊಂಡು ಹೋಗಬಹುದಾದ ಜಾಗ ಆ ಕುಟುಂಬಕ್ಕೆ ಬೇರೆ ಯಾವುದಿತ್ತು? ಬೈದರೆ ತಾಯಿ ಬಾಯಿ ಮುಚ್ಚುತ್ತಾಳೆ. ಮುಂದಿನ ಮಾತು, ಅಂದರೆ ಎಲ್ಲಕ್ಕಿಂತ ಮುಖ್ಯವಾದ ಮಾತು, ಹೊರಗೆ ಬರುವುದೇ ಇಲ್ಲ.

"ವಾಪಸ್ ಬರೋವಾಗ ಗಾಡೀಲೇ ಸೆಟಕೊಂಡ್ಲು ಸರ್. ಕಣ್ಣು ಮ್ಯಾಲಾದ್ವು, ನಾಲಿಗೆ ಕಚ್ಚಿಕೊಂಡ್ಲು. ಒಂದ್ ಕಡೆ ತೋರಿಸಿದ್ವಿ, ಮಲಗಾಕೆ ಇಂಜೆಕ್ಷನ್ ಕೊಟ್ರು. ಅದಾದ್ ಮ್ಯಾಲೆ ಮೈ ಕೊರಡಾದಂಗಾತು. ಈಗ ಮಾತೂ ಇಲ್ಲ."

ವೈದ್ಯರು ಹುಡುಗಿಯ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಭುಜದ ಮಟ್ಟಕ್ಕೆ ಎತ್ತಿ ಬಿಡುತ್ತಾರೆ. ಕೈ ಕೆಳಗೆ ಬೀಳುವುದಿಲ್ಲ. ಎತ್ತಿದಲ್ಲೇ ನಿಲ್ಲುತ್ತದೆ, ಬೆರಳು ಅರ್ಧ ಮಡಚಿಕೊಂಡು. ನೀವು ಉಸಿರು ಬಿಗಿಹಿಡಿದು ನೋಡುತ್ತೀರಿ. ಹುಡುಗಿಯ ಹಣೆಯಲ್ಲಿ ಬೆವರು, ನಾಡಿ ಓಡುತ್ತಿದೆ, ಬಾಯಿ ಮಾತ್ರ ಏನನ್ನೂ ಅಗಿಯದೆ ಅಗಿಯುತ್ತಲೇ ಇದೆ.

ಕೇಸ್ ಶೀಟಿನ ಮೇಲೆ ವೈದ್ಯರು ಒಂದರ ಕೆಳಗೊಂದು ಬರೆಯುತ್ತಾರೆ: ಜ್ವರ, ನಿದ್ದೆ ಇಲ್ಲ, ಭ್ರಮೆ, ಫಿಟ್ಸ್, ಬಾಯಿಯ ಚಲನೆ, ಮಾತು ನಿಂತಿದೆ. ಎಲ್ಲವೂ ಆರೇಳು ವಾರದೊಳಗೆ. ಕೆಳಗೆ ಒಂದು ಗೆರೆ ಎಳೆದು, ಪ್ರಶ್ನೆಚಿಹ್ನೆ ಹಾಕಿ, ಮೆದುಳಿನ ಉರಿಯೂತ ಎಂದು ಬರೆದು ರೆಫರ್ ಮಾಡುತ್ತಾರೆ. ಮೊದಲು ದಾವಣಗೆರೆ. ಅಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್.

ಈ ಚೀಟಿ ಹುಟ್ಟಿದ್ದು ತಾಯಿಯ ನೆನಪಿನಿಂದ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರಣಿ ಯಾವ ಯಂತ್ರದಲ್ಲೂ ಕಾಣುವುದಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿ ಚಿತ್ತ ಕೆಡಿಸಿಕೊಂಡಿದ್ದಾಳೆ ಎಂದಷ್ಟೇ ಕೇಳಿದರೆ ಅದು ಸ್ಕಿಜೋಫ್ರೇನಿಯಾ ಇರಬಹುದು, ಬೈಪೋಲಾರ್ ಇರಬಹುದು. ಅವುಗಳಲ್ಲಿ ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಮುಖ ತೋರಿಸುತ್ತದೆ. ಜ್ವರ ಬಿಟ್ಟ ಬೆನ್ನಿಗೇ ಮನಸ್ಸು ಕೆಟ್ಟು, ಅದರ ಬೆನ್ನಿಗೇ ಫಿಟ್ಸ್ ಬಂದು, ಮೈ ಮರಗಟ್ಟಿದರೆ ಯೋಚನೆಯ ದಿಕ್ಕೇ ಬದಲಾಗಬೇಕು.

ಈಗ 108 ಆಂಬುಲೆನ್ಸಿನ ಹಿಂಬದಿ ಸೀಟು. ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಆಗಿದೆ. ವರದಿ ನಾರ್ಮಲ್. "ನಾರ್ಮಲ್ ಅಂದ್ರೆ ಏನೂ ಇಲ್ಲ ಅಂತಲ್ಲೇನ್ರಿ?" ಎಂದು ತಂದೆ ಕೇಳುತ್ತಾನೆ. ಅಲ್ಲ. ಈ ಕಾಯಿಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಎಂಆರ್‌ಐ ಸರಿಯಾಗಿಯೇ ಕಾಣುತ್ತದೆ. ಮನೆಯವರು ವಾಪಸ್ ಹೋಗಿಬಿಡುವುದು ಇಲ್ಲೇ, ಈ ಒಂದು ಪದದ ಮೇಲೆ. ಇವರು ಹೋಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ಹಿಂದಾಗುತ್ತವೆ. ಅಷ್ಟು ಹೊತ್ತು ನೀವು ಆ ಹುಡುಗಿಯ ತಲೆಯೊಳಗೆ ಇಳಿದು ನೋಡಿ.

ನರಕೋಶಗಳು ಒಂದಕ್ಕೊಂದು ಮಾತಾಡುವ ಸಂದಿಯಲ್ಲಿ ಎನ್‌ಎಂಡಿಎ ಎಂಬ ಗ್ರಾಹಕಗಳಿವೆ. ಕಲಿಯುವುದಕ್ಕೆ, ನೆನಪಿಡುವುದಕ್ಕೆ, ಹೊರಗಿನದು ಯಾವುದು ಒಳಗಿನದು ಯಾವುದು ಎಂದು ವಿಂಗಡಿಸುವುದಕ್ಕೆ ಇವು ಬೇಕು. ಅರಿವಳಿಕೆಗೆ ಬಳಸುವ ಕೆಟಮೈನ್ ಇದೇ ಗ್ರಾಹಕವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಆ ಹೊತ್ತಿನಲ್ಲಿ ಆರೋಗ್ಯವಂತರೂ ಇಲ್ಲದ್ದನ್ನು ಕಾಣುತ್ತಾರೆ, ಮೈಯಿಂದ ಹೊರಗೆ ನಿಂತಂತೆ ಅನುಭವಿಸುತ್ತಾರೆ. ಈ ಹುಡುಗಿಯಲ್ಲಿ ತಡೆಯುತ್ತಿರುವುದು ಮದ್ದಲ್ಲ, ಅವಳದೇ ರಕ್ಷಣಾ ವ್ಯವಸ್ಥೆ. ರೋಗಾಣುವನ್ನು ಹಿಡಿಯಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಎನ್‌ಎಂಡಿಎ ಗ್ರಾಹಕವನ್ನೇ ಹಿಡಿದಿವೆ. ಪ್ರತಿಕಾಯಕ್ಕೆ ಎರಡು ತೋಳು. ಜೋಡೆತ್ತಿಗೆ ನೊಗ ಹೂಡಿದಂತೆ ಅದು ಎರಡು ಗ್ರಾಹಕಗಳನ್ನು ಒಟ್ಟಿಗೆ ಕಟ್ಟುತ್ತದೆ. ಹಾಗೆ ಕಟ್ಟಿಸಿಕೊಂಡ ಗ್ರಾಹಕಗಳನ್ನು ನರಕೋಶ ಒಳಕ್ಕೆ ಎಳೆದುಕೊಳ್ಳುತ್ತದೆ. ದಿನದಿಂದ ದಿನಕ್ಕೆ ಕೋಶದ ಮೇಲ್ಮೈ ಬರಿದಾಗುತ್ತದೆ. ಕೋಶ ಸತ್ತಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಪ್ರತಿಕಾಯವನ್ನು ತೆಗೆದರೆ ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆ. ಇಷ್ಟು ಭೀಕರವಾಗಿ ಕಾಣುವ ಕಾಯಿಲೆ ಇಷ್ಟರಮಟ್ಟಿಗೆ ಹಿಂದಿರುಗಬಲ್ಲದು ಎಂಬುದು ನನಗೆ ವೈದ್ಯಶಾಸ್ತ್ರದ ಅತ್ಯಂತ ಸಮಾಧಾನದ ಸುದ್ದಿಗಳಲ್ಲಿ ಒಂದು.

ಈ ಪ್ರತಿಕಾಯವನ್ನು ಗುರುತಿಸಿದ್ದು ತೀರಾ ಈಚೆಗೆ, 2007ರಲ್ಲಿ. ಆಗ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಪ್ ದಲ್ಮಾವ್ ಮತ್ತು ಸಂಗಡಿಗರು ಹನ್ನೆರಡು ಮಹಿಳೆಯರ ಬಗ್ಗೆ ಬರೆದರು. ಬಹುತೇಕರ ಅಂಡಾಶಯದಲ್ಲಿ ಟೆರಟೋಮಾ ಎಂಬ ಗೆಡ್ಡೆಯಿತ್ತು. ಕೂದಲು, ಹಲ್ಲು, ಕೆಲವೊಮ್ಮೆ ನರದ ಅಂಗಾಂಶವೂ ಬೆಳೆಯುವ ವಿಚಿತ್ರ ಗೆಡ್ಡೆ ಅದು. ಅದರೊಳಗಿನ ನರಕೋಶವನ್ನು ಪರಕೀಯವೆಂದು ಬಗೆದು ದೇಹ ಪ್ರತಿಕಾಯ ತಯಾರಿಸುತ್ತದೆ, ಆ ಪ್ರತಿಕಾಯ ಮೆದುಳಿಗೂ ತಾಗುತ್ತದೆ. ಕೆಲವರಲ್ಲಿ ಹರ್ಪಿಸ್ ವೈರಸ್ಸಿನಿಂದ ಬಂದ ಮೆದುಳು ಜ್ವರದ ನಂತರ ಇದು ಶುರುವಾಗುತ್ತದೆ. ಇನ್ನೂ ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. 2007ಕ್ಕೂ ಮೊದಲು ಈ ಕಾಯಿಲೆ ಇರಲಿಲ್ಲವೇ? ಇತ್ತು. ಹೆಸರಿಲ್ಲದೆ ಎಷ್ಟು ಹುಡುಗಿಯರು ಕತ್ತಲೆ ಕೋಣೆಗಳಲ್ಲಿ ಹೋದರೋ.

ಹೊಸೂರು ರಸ್ತೆಯ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ಕಟ್ಟಿದ ಈ ಸಂಸ್ಥೆಯಲ್ಲಿ ಮನೋವೈದ್ಯರೂ ನರರೋಗ ತಜ್ಞರೂ ಒಂದೇ ಆವರಣದಲ್ಲಿದ್ದಾರೆ. ಮನಸ್ಸಿಗೆ ಒಂದು ಆಸ್ಪತ್ರೆ, ಮೆದುಳಿಗೆ ಇನ್ನೊಂದು ಎಂದು ಅಲೆಯಬೇಕಾಗಿದ್ದರೆ ಈ ಹುಡುಗಿಯಂಥವರು ನಡುವೆ ಎಲ್ಲೋ ಕಳೆದುಹೋಗುತ್ತಿದ್ದರು.

ವಾರ್ಡಿನಲ್ಲಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿದ್ದಾರೆ. ಮೊಣಕಾಲು ಹೊಟ್ಟೆಗೆ ಒತ್ತುವಂತೆ, ಗದ್ದ ಎದೆಗೆ ತಾಗುವಂತೆ ಬಾಗಿಸಿ ಒಬ್ಬ ನರ್ಸ್ ಹಿಡಿದಿದ್ದಾಳೆ. ಬೆನ್ನುಮೂಳೆಯ ಗಂಟುಗಳು ಚರ್ಮದಡಿ ಒಂದೊಂದಾಗಿ ಎದ್ದು ಕಾಣುತ್ತವೆ. ಬಾಗಿಲ ಹೊರಗೆ ತಂದೆ ನಿಮ್ಮ ಕೈ ಹಿಡಿದು ಕೇಳುತ್ತಾನೆ: "ಬೆನ್ನಿನ ನೀರು ತೆಗೆದ್ರೆ ಕಾಲು ಹೋಗ್ತಾವಂತಲ್ರೀ?" ಹಳ್ಳಿಯಲ್ಲಷ್ಟೇ ಅಲ್ಲ, ಪೇಟೆಯಲ್ಲೂ ಇದೇ ಭಯ. ಸೂಜಿ ಚುಚ್ಚುವುದು ಸೊಂಟದ ಕೆಳಭಾಗದಲ್ಲಿ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಹೀಗೆ ತಿಳಿಸಿ ಹೇಳಿದ ಮೇಲೆ ತಂದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತಾನೆ. ಒಳಗೆ ಸೂಜಿಯ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಕುಡಿಯುವ ನೀರಿನಷ್ಟೇ ತಿಳಿ. ಅದನ್ನು ಪುಟ್ಟ ಬಾಟಲಿಗಳಲ್ಲಿ ಹಿಡಿದು ಒಂದೊಂದನ್ನು ಒಂದೊಂದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಟಿಬಿ ಅಲ್ಲವೆಂದೂ ವೈರಸ್ ಅಲ್ಲವೆಂದೂ ಮೊದಲು ಖಾತ್ರಿಯಾಗಬೇಕು, ಏಕೆಂದರೆ ನಮ್ಮಲ್ಲಿ ಮೆದುಳಿಗೆ ಹತ್ತುವ ಟಿಬಿಯೂ ಕೆಲವೊಮ್ಮೆ ಮೊದಲು ನಡವಳಿಕೆಯನ್ನೇ ಕೆಡಿಸುತ್ತದೆ.

ಇನ್ನೊಂದು ಬಾಟಲಿಯ ಹಿಂದೆ ಹೋಗಿ. ಗಾಜಿನ ಪಟ್ಟಿಯ ಮೇಲೆ, ಎನ್‌ಎಂಡಿಎ ಗ್ರಾಹಕ ಹೊತ್ತುಕೊಳ್ಳುವಂತೆ ಮಾಡಿದ ಜೀವಕೋಶಗಳ ಮೇಲೆ, ಅವಳ ಬೆನ್ನಿನ ನೀರು ಹನಿಸುತ್ತಾರೆ. ತೊಳೆದು, ಹೊಳೆಯುವ ಬಣ್ಣ ಸೇರಿಸಿ, ಕತ್ತಲೆಯಲ್ಲಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕಣ್ಣಿಟ್ಟರೆ ಕೋಶಗಳ ಅಂಚು ಹಸಿರಾಗಿ ಬೆಳಗುತ್ತಿದೆ. ಟೀವಿಯೊಳಗಿನವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದದ್ದು, ಅಪ್ಪನನ್ನು ಗುರುತಿಸದೆ ಚೀರಿದ್ದು, ಬಾಯಿ ಅಗಿದದ್ದು, ಎಲ್ಲದರ ಹಿಂದೆ ಇರುವುದು ಅಲ್ಲಿ ಹೊಳೆಯುತ್ತಿರುವ ಆ ಪ್ರತಿಕಾಯ.

ಆಮೇಲಿನದು ಬೇಗ ಬೇಗ ನಡೆಯುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್, ಗೆಡ್ಡೆ ಇದ್ದರೆ ತೆಗೆಯುವುದಕ್ಕೆ. ಐದು ದಿನ ರಕ್ತನಾಳದಲ್ಲಿ ಸ್ಟೆರಾಯ್ಡ್. ಪ್ರತಿಕಾಯಗಳನ್ನು ಸೋಸಲು ಪ್ಲಾಸ್ಮಾ ಬದಲಾವಣೆ, ಇಲ್ಲವೇ ಇಮ್ಯುನೊಗ್ಲಾಬ್ಯುಲಿನ್, ಅದರ ಬೆಲೆ ಲಕ್ಷಗಳಲ್ಲಿ. ಬಗ್ಗದಿದ್ದರೆ ರಿಟುಕ್ಸಿಮ್ಯಾಬ್. 2013ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಪ್ರಕಟವಾದ, 577 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದ ಹತ್ತರಲ್ಲಿ ಎಂಟು ಮಂದಿ ಎರಡು ವರ್ಷದೊಳಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಶುರು ಮಾಡಿದವರಲ್ಲಿ ಫಲ ಹೆಚ್ಚು. ಆದರೆ ಚೇತರಿಕೆ ವಾರದ ಮಾತಲ್ಲ, ತಿಂಗಳುಗಳದ್ದು. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಮೊದಲು ನಾಡಿ, ಉಸಿರು ಹದಕ್ಕೆ ಬರುತ್ತವೆ. ಬಾಯಿಯ ಚಲನೆ ನಿಲ್ಲುತ್ತದೆ. ಕೈ ಎತ್ತು ಎಂದರೆ ಎತ್ತುತ್ತಾಳೆ. ಒಂದು ದಿನ "ನೀರು" ಎನ್ನುತ್ತಾಳೆ, ತಾಯಿ ಲೋಟ ಹಿಡಿದುಕೊಂಡೇ ಅಳುತ್ತಾಳೆ. ಸಿಡುಕು, ಅನುಮಾನ, ಮರೆವು ಇವು ಕೊನೆಗೆ ಹೋಗುವಂಥವು. ಆ ವಾರಗಳ ನೆನಪು ಮಾತ್ರ ಬಹುತೇಕರಿಗೆ ಮರಳುವುದಿಲ್ಲ.

ಮೈಯ ರಕ್ಷಣೆಯೇ ಮೆದುಳನ್ನು ಕೆಡಿಸುವ ಇನ್ನೊಂದು ಬಗೆ ನೋಡಲು ಚನ್ನಗಿರಿಯಿಂದ ಹೊನ್ನಾಳಿಗೆ ಬಂದು, ತುಂಗಭದ್ರೆಯನ್ನು ಹಿಂದೆ ಬಿಟ್ಟು ನ್ಯಾಮತಿ ದಾರಿ ಹಿಡಿಯಿರಿ. ಕೆಲವು ವರ್ಷಗಳ ಹಿಂದಿನವರೆಗೂ ಹೊನ್ನಾಳಿಯ ಭಾಗವೇ ಆಗಿದ್ದ ತಾಲ್ಲೂಕು. ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಹತ್ತು ವರ್ಷದ ಹುಡುಗ ಬಿದ್ದಿದ್ದಾನೆ. ಬಲಗೈ ಜಗ್ಗುತ್ತಿದೆ, ಬಾಯಲ್ಲಿ ನೊರೆ. ಯಾರೋ ಕಬ್ಬಿಣದ ಕೀಲಿಕೈ ಹಿಡಿದು ಓಡಿ ಬರುತ್ತಾರೆ. ನೀವು ತಡೆಯಿರಿ. ಪಕ್ಕಕ್ಕೆ ಹೊರಳಿಸಿ, ಬಾಯೊಳಗೆ ಏನನ್ನೂ ಹಾಕದೆ ಕಾಯಿರಿ.

ನಮ್ಮ ದೇಶದ ಹಳ್ಳಿಗಳಲ್ಲಿ ಇಂಥ ಮೂರ್ಛೆಗೆ ಒಂದು ದೊಡ್ಡ ಕಾರಣ ಲಾಡಿಹುಳುವಿನ ಮರಿ. ಹುಳುವಿರುವ ಮನುಷ್ಯನ ಮಲದಲ್ಲಿ ಮೊಟ್ಟೆಗಳು ಹೊರಬಿದ್ದು, ಮಣ್ಣಿಗೆ, ನೀರಿಗೆ, ತೊಳೆಯದ ಸೊಪ್ಪಿಗೆ ಸೇರುತ್ತವೆ. ಹಂದಿಮಾಂಸ ಮುಟ್ಟದವರ ಹೊಟ್ಟೆಗೂ ಹೀಗೆ ಹೋಗುತ್ತವೆ. ಮರಿ ಮೆದುಳು ತಲುಪಿ ಸಣ್ಣ ಗುಳ್ಳೆಯಾಗಿ ಕೂರುತ್ತದೆ. ಬದುಕಿರುವಷ್ಟು ಕಾಲ ಅದು ದೇಹದ ಕಾವಲನ್ನು ಏಮಾರಿಸುತ್ತದೆ, ಎಷ್ಟೋ ವರ್ಷ ಏನೂ ಆಗುವುದಿಲ್ಲ. ಅದು ಸಾಯಲು ಶುರುವಾದಾಗ ಮರೆ ಹೋಗುತ್ತದೆ. ರಕ್ಷಣಾ ಕೋಶಗಳು ಮುತ್ತಿಗೆ ಹಾಕುತ್ತವೆ, ಸುತ್ತ ಊತ ಬರುತ್ತದೆ, ಫಿಟ್ಸ್ ಬರುತ್ತದೆ. ಹುಡುಗನನ್ನು ಬೀಳಿಸಿದ್ದು ಹುಳುವಿಗಿಂತ ಹೆಚ್ಚಾಗಿ ಅದರ ಸಾವಿಗೆ ಅವನ ಮೈ ಕೊಟ್ಟ ಉತ್ತರ. ಅದಕ್ಕೇ ಹುಳು ಕೊಲ್ಲುವ ಮಾತ್ರೆಯ ಜೊತೆ ಊತ ಇಳಿಸುವ ಸ್ಟೆರಾಯ್ಡನ್ನೂ ಕೊಡುತ್ತಾರೆ. ಫಿಟ್ಸಿನ ಮಾತ್ರೆ ಸರಿಯಾಗಿ ನುಂಗಿದರೆ ಈ ಹುಡುಗ ಶಾಲೆಗೆ ಹೋಗುತ್ತಾನೆ, ಚೆಂಡಾಡುತ್ತಾನೆ.

ಇನ್ನು ಜಗಳೂರು. ಇಲ್ಲಿ ತೋಟದ ನೆರಳಿಲ್ಲ. ಮಳೆ ನಂಬಿದ ಹೊಲ, ಒಣಗಿದ ಹಳ್ಳ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಮುಂದೆ, ನೀವು ಹಿಂದೆ. 2016ರಿಂದ ಲಿವ್ ಲವ್ ಲಾಫ್ ಫೌಂಡೇಶನ್ ಮತ್ತು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಗಳು ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮನೋರೋಗಿಗಳ ಮನೆ ಬಾಗಿಲಿಗೆ ಹೋಗುವ ಕೆಲಸ ನಡೆಸಿವೆ. ನಿಮ್ಹಾನ್ಸ್‌ನ ವೈದ್ಯರೂ ಜಗಳೂರು ತಾಲ್ಲೂಕನ್ನು ಆರಿಸಿಕೊಂಡು, ತೀವ್ರ ಮನೋರೋಗ ಇರುವವರಿಗೆ ಊರಲ್ಲೇ ಪುನರ್ವಸತಿ ಸಿಗುವ ಬಗೆಯನ್ನು ಅಧ್ಯಯನ ಮಾಡಿದ್ದಾರೆ.

ಆಶಾ ಒಂದು ಮನೆಯ ಮುಂದೆ ನಿಲ್ಲುತ್ತಾಳೆ. ಒಳಗಿನ ಅಕ್ಕನಿಗೆ ನಲವತ್ತು ದಾಟಿದೆ, ಸ್ಕಿಜೋಫ್ರೇನಿಯಾ ಬಂದು ಬಹಳ ವರ್ಷವಾಗಿದೆ. "ಗುಳಿಗೆ ತಗಂಡ್ರೇನಕ್ಕಾ?" ಎಂದು ಕೇಳಿ, ಪಟ್ಟಿ ತೆಗೆದು ಎಣಿಸುತ್ತಾಳೆ. ಇವಳ ಮೆದುಳಲ್ಲೂ ಉರಿಯೂತ ಇದೆಯೇ? ಇಲ್ಲಿ ನಾವು ಹುಷಾರಾಗಿ ಮಾತಾಡಬೇಕು. ಚನ್ನಗಿರಿಯ ಹುಡುಗಿಯಲ್ಲಿ ಕಂಡದ್ದು ಧಗಧಗ ಉರಿ, ಹೆಸರು ಹಿಡಿದು ತೋರಿಸಬಹುದಾದ ಪ್ರತಿಕಾಯ. ಇಲ್ಲಿ ಇರುವುದಾದರೆ ಅದು ಮಂದವಾದದ್ದು. ನಿಮ್ಹಾನ್ಸ್‌ನ ಮೊನೊಜಿತ್ ದೇಬನಾಥ್, ಗಣೇಶನ್ ವೆಂಕಟಸುಬ್ರಮಣಿಯನ್ ಮುಂತಾದವರು ಸ್ಕಿಜೋಫ್ರೇನಿಯಾ ಇರುವವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-17ರಂಥ ಉರಿಯೂತದ ಸಂದೇಶವಾಹಕಗಳನ್ನು ವರ್ಷಗಳಿಂದ ಅಭ್ಯಸಿಸುತ್ತಿದ್ದಾರೆ. ಖಿನ್ನತೆಯಲ್ಲೂ ನಂಟು ಕಂಡಿದೆ. ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುತ್ತಿದ್ದ ಕಾಲದಲ್ಲಿ, ಮೊದಲು ಮನಸ್ಸು ಚೆನ್ನಾಗಿಯೇ ಇದ್ದವರಲ್ಲೂ ಮೂರ್ನಾಲ್ಕು ಜನರಿಗೆ ಒಬ್ಬರಂತೆ ಖಿನ್ನತೆಗೆ ಇಳಿಯುತ್ತಿದ್ದರು. ಉರಿಯೂತ ಎಬ್ಬಿಸುವ ಮದ್ದು ಮನಸ್ಸನ್ನು ಕೆಳಗೆ ಎಳೆದದ್ದು ಕಣ್ಣೆದುರೇ ಕಂಡಿತು.

ಹಾಗಾದರೆ ಉರಿಯೂತ ಇಳಿಸಿದರೆ ಖಿನ್ನತೆ ಹೋಗಬೇಕಲ್ಲ? 2013ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ರೈಸನ್ ಮತ್ತು ಸಂಗಡಿಗರು, ಮಾತ್ರೆಗೆ ಬಗ್ಗದ ಖಿನ್ನತೆಯ 60 ಜನರಲ್ಲಿ ಕೆಲವರಿಗೆ ಉರಿಯೂತ ಇಳಿಸುವ ಮದ್ದಾದ ಇನ್‌ಫ್ಲಿಕ್ಸಿಮ್ಯಾಬ್, ಉಳಿದವರಿಗೆ ಬರೀ ನೀರಿನಂಥ ಡ್ರಿಪ್ ಕೊಟ್ಟು ನೋಡಿದರು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಹೆಚ್ಚಿದ್ದವರಿಗೆ ಮಾತ್ರ ಗುಣ ಕಂಡಿತು, ಕಡಿಮೆ ಇದ್ದವರಿಗೆ ಬರೀ ಡ್ರಿಪ್ಪೇ ವಾಸಿ ಎನ್ನುವಂತಾಯಿತು. ಅಂದರೆ ಖಿನ್ನತೆ ಇರುವ ಎಲ್ಲರಲ್ಲೂ ಉರಿಯೂತವಿಲ್ಲ, ಒಂದು ಪಾಲಿನವರಲ್ಲಿ ಇರಬಹುದು. ಆದ್ದರಿಂದ ಮೆದುಳಿನ ಉರಿ ಇಳಿಸುವ ಪುಡಿ ಎಂದು ಯಾರಾದರೂ ಮೊಬೈಲಿನಲ್ಲಿ ಮಾರಲು ಬಂದರೆ ಕೊಳ್ಳಬೇಡಿ. ಅದನ್ನು ನಂಬಿ ಈ ಅಕ್ಕ ತನ್ನ ಗುಳಿಗೆ ಬಿಟ್ಟರೆ ಎರಡು ತಿಂಗಳಲ್ಲಿ ಮತ್ತೆ ಬೀದಿಗೆ ಬಂದಾಳು. ಅವಳ ಗುಳಿಗೆಯೇ ಅವಳ ಆಧಾರ.

ಆಶಾ ಗುಳಿಗೆ ಎಣಿಸಿ ಎದ್ದು ಬರುವುದಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿದ್ದು ಯಾವಾಗ, ಬಿಪಿ ಎಷ್ಟು, ವಸಡಿನಲ್ಲಿ ರಕ್ತ ಬರುತ್ತದೆಯೇ, ತಂಬಾಕು ಬಿಟ್ಟರೇ ಎಂದು ಕೇಳುತ್ತಾಳೆ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರು ಸಾಯುವುದು ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆಯಂಥವುಗಳಿಂದ. ಹುಣ್ಣಾದ ವಸಡು, ಹತೋಟಿಯಲ್ಲಿಲ್ಲದ ಸಕ್ಕರೆ, ಹೊಗೆಸೊಪ್ಪು ಇವೆಲ್ಲ ಮೈಯಲ್ಲಿ ಉರಿಯೂತವನ್ನು ಕಾಯ್ದಿಡುವಂಥವು. ಮೆದುಳಿಗೆ ಎಷ್ಟು ಒಳ್ಳೆಯದಾಗುತ್ತದೋ ಆಮೇಲೆ ನೋಡೋಣ, ಇವನ್ನು ಸರಿಪಡಿಸಿದರೆ ಈ ಅಕ್ಕ ಹೆಚ್ಚು ವರ್ಷ ಬದುಕುತ್ತಾಳೆ.

ಹೊರಗೆ ಬರುವಾಗ ಪಕ್ಕದ ಮನೆಯಿಂದ ಒಬ್ಬ ಹೆಂಗಸು ಕರೆಯುತ್ತಾಳೆ. ಮಗ ಹತ್ತನೇ ತರಗತಿ. ಮೂರು ರಾತ್ರಿ ಮಲಗಿಲ್ಲ, ಗೋಡೆಯ ಜೊತೆ ಮಾತಾಡುತ್ತಾನೆ, ಬೆಳಿಗ್ಗೆ ಒಮ್ಮೆ ಮುಖ ಎಳೆದು ಬಿದ್ದಿದ್ದ. ಪರೀಕ್ಷೆ ಭಯವಿರಬೇಕು, ಮಂಗಳವಾರ ಡಾಕ್ಟರ್ ಬಂದಾಗ ತೋರಿಸೋಣ ಅಂತಿದ್ದೀವಿ ಎನ್ನುತ್ತಾಳೆ. ಆಶಾ ಪುಸ್ತಕ ತೆರೆದು, "ಹೋದ ವಾರ ಜ್ವರ ಬಂದಿತ್ತೇನಕ್ಕಾ?" ಎಂದು ಕೇಳುತ್ತಾಳೆ.

"ಬಂದಿತ್ತಲ್ಲ, ನಿನಗೆ ಯಾರು ಹೇಳಿದ್ರು?"

"ಮಂಗಳವಾರದ ತನಕ ಬ್ಯಾಡ. ಈಗಲೇ 108ಕ್ಕೆ ಫೋನ್ ಮಾಡ್ತೀನಿ. ಹೋಗುವಾಗ ನೀನೇ ಜೊತೆಗೆ ಹೋಗು, ಯಾವ ದಿನ ಏನಾತು ಅಂತ ಡಾಕ್ಟ್ರಿಗೆ ನೀನೇ ಹೇಳ್ಬೇಕು."